ಸೋಪು ನೀರು ಹೇಳಿದ ಗುಟ್ಟು

ಇವತ್ತು ಬೆಳಗ್ಗೆಯಿಂದ ಅಪ್ಪನ ಹಳೇ ಬೈಕಿನ ಮುಂದೆ ಕೂತಿದ್ದೆ. ಸ್ಟಾರ್ಟ್ ಆದಾಗ ಸರಿ. ಎರಡು ಕಿಲೋಮೀಟರ್ ಓಡಿ ಬಿಸಿಯಾದರೆ ಸಾಕು, ಸಿಗ್ನಲ್ಲಿನಲ್ಲಿ ನಿಂತಾಗ ತಾನಾಗೇ ರೇಸ್ ಆಗುತ್ತಿತ್ತು. ಪಕ್ಕದ ಸ್ಕೂಟರಿನವರು ನನ್ನನ್ನೇ ಗುರಾಯಿಸುತ್ತಿದ್ದರು. ಪಂದ್ಯಕ್ಕೆ ಕರೆಯುತ್ತಿದ್ದೇನೆ ಅಂದುಕೊಂಡರೋ ಏನೋ!

ನಿಂತಾಗ ಇಂಜಿನ್ ಎಷ್ಟು ಜೋರಾಗಿ ಓಡಬೇಕು ಅಂತ ಹೊಂದಿಸುವ ಐಡ್ಲಿಂಗ್ ಸ್ಕ್ರೂ ಪೂರ್ತಿ ಬಿಚ್ಚಿದೆ. ಜಗ್ಗಲಿಲ್ಲ. ಹ್ಯಾಂಡಲ್ಲನ್ನು ಆ ಕಡೆ ಈ ಕಡೆ ತಿರುಗಿಸಿದೆ. ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದ್ದರೆ ಆಗ ಸದ್ದು ಬದಲಾಗಬೇಕು. ಆಗಲಿಲ್ಲ. ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನಿಗೆ ಕೊಡುವ ಕಾರ್ಬುರೇಟರ್ ಬಿಚ್ಚಿ ತೊಳೆದು ಕೂರಿಸಿದೆ. ಅದೇ ಹಾಡು.

ಕೊನೆಗೆ ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಗೆ ಸ್ವಲ್ಪ ಸೋಪು ನೀರು ಹಾಕಿದೆ. ಕಾರ್ಬುರೇಟರಿಗೂ ಇಂಜಿನಿಗೂ ನಡುವೆ ಒಂದು ರಬ್ಬರ್ ಇರುತ್ತದಲ್ವಾ, ಅದರ ಸುತ್ತ ಚಿಮುಕಿಸಿದೆ. ಕೆಳಗಡೆ ನೀರು ಬಿದ್ದ ಕೂಡಲೇ ಇಂಜಿನ್ ಉಸಿರು ಬಿಟ್ಟ ಹಾಗೆ ಇಳಿಯಿತು. ಡುಗ್ ಡುಗ್ ಡುಗ್. ನೀರು ಆರಿತು, ಮತ್ತೆ ಕಿರುಚಾಟ.

ಬಿಚ್ಚಿ ಮಡಚಿ ನೋಡಿದರೆ ಕೂದಲೆಳೆಯಷ್ಟು ಬಿರುಕು. ಸುಮ್ನೆ ನೋಡಿದರೆ ಕಾಣುವುದೇ ಇಲ್ಲ. ಬಿಸಿಗೆ ಬಾಯಿ ಬಿಟ್ಟು ಕಳ್ಳಗಾಳಿ ಎಳೆದುಕೊಳ್ಳುತ್ತಿತ್ತು. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ, ಆರ್ಭಟ ಮಾತ್ರ ಜೋರು.

ಯಾಕೋ ಮೊನ್ನೆ ಊಟದ ಹೊತ್ತಿಗೆ ಅಪ್ಪನ ಮೇಲೆ ರೇಗಿದ್ದು ನೆನಪಾಯಿತು. ಸಾರಿಗೆ ಉಪ್ಪು ಕಮ್ಮಿ ಅಂದಿದ್ದರು, ಅಷ್ಟೇ.

ಹೊಸ ರಬ್ಬರ್ ನಾಳೆ ಸಿಗುತ್ತದಂತೆ. ಅಪ್ಪ ಆಗಲೇ ಹಿಂದಿನ ಸೀಟು ಒರೆಸಿಟ್ಟಿದ್ದಾರೆ.