ಬೂಸ್ಟ್ ಮಾಡಿದ್ವಿ, ಲೈಕ್ ಬಂತು, ಆರ್ಡರ್ ಯಾಕೆ ಬರಲಿಲ್ಲ?

ಮನೆಯಲ್ಲೇ ಏನಾದರೂ ತಯಾರಿಸಿ ಫೋನಿನಲ್ಲೇ ಮಾರುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಇನ್‌ಸ್ಟಾಗ್ರಾಂನಲ್ಲಿ ಎರಡು ಸಾವಿರ ಹಾಕಿ ಬೂಸ್ಟ್ ಮಾಡಿದ್ವಿ. ಲೈಕ್ ಸಿಕ್ಕಾಪಟ್ಟೆ ಬಂತು, ಆರ್ಡರ್ ಮಾತ್ರ ಎರಡೋ ಮೂರೋ. ನಮ್ಮಂಥ ಸಣ್ಣವರಿಗೆ ಆನ್‌ಲೈನ್ ಜಾಹೀರಾತು ಆಗಿಬರಲ್ವಾ?"

ಆಗಿಬರುತ್ತದೆ. ಆದರೆ ಎಲ್ಲ ಬೆಲೆಯ ಸಾಮಾನಿಗೂ ಅಲ್ಲ, ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸುವ ಬೂಸ್ಟ್ ಗುಂಡಿಯನ್ನು ಯಾವ ಲೆಕ್ಕವೂ ಇಲ್ಲದೆ ಒತ್ತಿದವರಿಗಂತೂ ಖಂಡಿತ ಅಲ್ಲ. ಲೈಕ್ ಬಂದದ್ದು ಮೋಸದಿಂದಲ್ಲ. ಇನ್‌ಸ್ಟಾಗ್ರಾಂನ ಒಡೆಯ ಕಂಪನಿ ಮೆಟಾದ ಯಂತ್ರ ನೀವು ಕೇಳಿದ್ದನ್ನೇ ಹುಡುಕಿ ಕೊಡುತ್ತದೆ. ಗುರಿಯನ್ನು ಎಂಗೇಜ್‌ಮೆಂಟ್ (ಲೈಕ್, ಕಾಮೆಂಟ್‌ನಂಥ ಪ್ರತಿಕ್ರಿಯೆ) ಅಂತ ಬಿಟ್ಟರೆ, ಕಂಡದ್ದಕ್ಕೆಲ್ಲ ಹೃದಯ ಒತ್ತುವ ಅಭ್ಯಾಸ ಇರುವವರ ಮುಂದೆ ನಿಮ್ಮ ಪೋಸ್ಟ್ ಇಡುತ್ತದೆ. ಅವರು ಒತ್ತುತ್ತಾರೆ, ಮುಂದೆ ಹೋಗುತ್ತಾರೆ. ಬೂಸ್ಟ್ ಪರದೆಯಲ್ಲೂ ವಾಟ್ಸಾಪ್ ಮೆಸೇಜ್ ಅನ್ನುವ ಗುರಿ ಇದೆ, ಬಹಳ ಜನ ಅದನ್ನು ಗಮನಿಸದೆ ಮುಂದಿನ ಪರದೆಗೆ ಹೋಗಿಬಿಡುತ್ತಾರೆ.

ಅದಕ್ಕಿಂತ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಆಗಬೇಕು. ಧಾರವಾಡದ ಮನೆಯೊಂದರಲ್ಲಿ ತಯಾರಾದ ಶೇಂಗಾ ಚಟ್ನಿ ಪುಡಿಯನ್ನು ಬೆಂಗಳೂರಿಗೆ ಕಳಿಸುವ ಉದಾಹರಣೆ ತೆಗೆದುಕೊಳ್ಳೋಣ. ಕಾಲು ಕಿಲೋ ಪ್ಯಾಕೆಟ್ಟಿಗೆ 160 ರೂಪಾಯಿ. ಸಾಮಾನು, ಕೂಲಿ ಸೇರಿ 65, ಪೌಚು-ಪೆಟ್ಟಿಗೆ 15, ಕೊರಿಯರ್ 60 ಅಂತಿಟ್ಟುಕೊಳ್ಳಿ. ಉಳಿದದ್ದು 20 ರೂಪಾಯಿ. ಜಾಹೀರಾತು ನೋಡಿ ವಾಟ್ಸಾಪಿನಲ್ಲಿ ಮಾತಾಡಿದ ಆರು ಜನರಲ್ಲಿ ಒಬ್ಬರು ಕೊಂಡರು ಅಂದುಕೊಂಡರೂ, ಒಂದು ಮಾತುಕತೆಗೆ ನೀವು ಖರ್ಚು ಮಾಡಬಹುದಾದದ್ದು ಮೂರು ರೂಪಾಯಿ ಚಿಲ್ಲರೆ. ಅಷ್ಟಕ್ಕೆ ಗಿರಾಕಿ ಸಿಗುವುದನ್ನು ನಂಬಿ ಕೂರಲಾಗದು. ಜಾಹೀರಾತು ಎಷ್ಟೇ ಚೆನ್ನಾಗಿರಲಿ, ಈ ವ್ಯಾಪಾರದಲ್ಲಿ ಆರ್ಡರ್ ಹೆಚ್ಚಿದಷ್ಟೂ ನಷ್ಟ ಹೆಚ್ಚು.

ಅದೇ ಮನೆಯವರು ಶೇಂಗಾ, ಗುರೆಳ್ಳು, ಅಗಸಿ, ಪುಟಾಣಿ ನಾಲ್ಕೂ ಕಾಲು ಕಿಲೋ ಸೇರಿಸಿ 599ಕ್ಕೆ ಒಂದು ಕಾಂಬೋ ಮಾಡಲಿ. ತಯಾರಿಗೆ 260, ಪ್ಯಾಕಿಂಗ್ 40, ಕೊರಿಯರ್ 80, ಇತರೆ 10 ಕಳೆದರೆ 209 ಉಳಿಯಿತು. ಆರಕ್ಕೆ ಒಂದರ ಲೆಕ್ಕದಲ್ಲಿ ಒಂದು ಮಾತುಕತೆಗೆ 34 ರೂಪಾಯಿ ಕೊಟ್ಟರೂ ಅಸಲು ಹೋಗಲ್ಲ. ಅರ್ಧ ಲಾಭ ಕೈಲಿ ಉಳಿಯಬೇಕೆಂದರೆ 17 ರೂಪಾಯಿ ನಿಮ್ಮ ಮಿತಿ. ಈ ಒಂದು ಸಂಖ್ಯೆ ಗೊತ್ತಿಲ್ಲದೆ ಜಾಹೀರಾತು ಹಾಕಿದವರಿಗೆ ಜಾಹೀರಾತು ಗೆದ್ದಿತೋ ಸೋತಿತೋ ಅಂತ ಹೇಳಲು ದಾರಿಯೇ ಇರಲ್ಲ. ನಿಮ್ಮ ಸಾಮಾನಿನ ಅಂಕಿಗಳನ್ನು ಇದೇ ಜಾಗದಲ್ಲಿ ಹಾಕಿ ನೋಡಿ.

ಕೊರಿಯರ್ ಅಂಕಿಯಲ್ಲಿ ಎಡವುವವರು ಬಹಳ. ಹಲವು ಕಂಪನಿಗಳು ತಕ್ಕಡಿಯ ತೂಕ ಮಾತ್ರ ನೋಡಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ ಹಾಕುತ್ತವೆ. 30, 20, 15 ಸೆಂ.ಮೀ.ನ ಪೆಟ್ಟಿಗೆ ಅಂದರೆ 1.8 ಕಿಲೋ, ಒಳಗೆ ಇರುವುದು ಒಂದೇ ಕಿಲೋ ಪುಡಿಯಾದರೂ. ಪೌಚುಗಳನ್ನು ಮಲಗಿಸಿ 25, 18, 8ರ ಪೆಟ್ಟಿಗೆಗೆ ಇಳಿಸಿದರೆ ಅದು 0.72 ಆಗುತ್ತದೆ, ಆಗ ತಕ್ಕಡಿಯ ತೂಕವೇ ಲೆಕ್ಕಕ್ಕೆ ಬರುತ್ತದೆ. ಶೇಂಗಾದ ಎಣ್ಣೆ ಜಿನುಗಿ ಪೆಟ್ಟಿಗೆಗೆ ಕಲೆಯಾಗುತ್ತದೆ, ಹಾಗಾಗಿ ಬರೀ ಝಿಪ್ ಸಾಲದು, ಝಿಪ್ಪಿನ ಮೇಲೆ ಹೀಟ್ ಸೀಲ್ ಬೇಕು. ಖಡಕ್ ರೊಟ್ಟಿಯನ್ನು ಮೊದಲ ಜಾಹೀರಾತಿಗೆ ಇಡಬೇಡಿ. ದಾರಿಯಲ್ಲಿ ಪುಡಿಯಾಗುವ ಸಾಮಾನು ನಿಮ್ಮ ಮೊದಲ ಇಪ್ಪತ್ತು ರಿವ್ಯೂಗಳನ್ನು ಹಾಳುಮಾಡುತ್ತದೆ.

ಈಗ ಹಣದ ವಿಷಯ. ತಿಂಗಳಿಗೆ 5,000 ಇದೆ ಅನ್ನುವವರು ಮೊದಲು ಶೇಕಡಾ 18 ಜಿಎಸ್‌ಟಿ ಬದಿಗಿಡಬೇಕು. ತೆರಿಗೆ ಸೇರಿ 5,000 ಅಂದರೆ ಜಾಹೀರಾತಿಗೆ ಸಿಗುವುದು 4,237. ದಿನಕ್ಕೆ 300ರಂತೆ ಹತ್ತು ದಿನ ಓಡಿಸಿ. ಉಳಿದ 1,200 ಗೆದ್ದ ವಿಡಿಯೊಗೆ ಮೀಸಲು. ಮೆಟಾದ ಜಾಹೀರಾತು ನಡೆಸುವ ಪುಟವಾದ ಆ್ಯಡ್ಸ್ ಮ್ಯಾನೇಜರ್‌ನಲ್ಲಿ ಎಂಗೇಜ್‌ಮೆಂಟ್ ಅನ್ನೇ ಆರಿಸಿ, ಆದರೆ ಅದರೊಳಗೆ ಮೆಸೇಜಿಂಗ್ ಆ್ಯಪ್, ವಾಟ್ಸಾಪ್, ಸಂಭಾಷಣೆಗಳ ಸಂಖ್ಯೆ ಹೆಚ್ಚಿಸುವ ಗುರಿ, ಈ ಮೂರನ್ನೂ ಕೈಯಾರೆ ಹಾಕಿ. ಒಂದು ಕ್ಯಾಂಪೇನ್, ಒಂದೇ ಆ್ಯಡ್ ಸೆಟ್ (ಯಾರಿಗೆ, ಎಷ್ಟು ದುಡ್ಡಿನಲ್ಲಿ ತೋರಿಸಬೇಕು ಅನ್ನುವ ಗುಂಪು), ಅದರಲ್ಲಿ ಮೂರು ವಿಡಿಯೊ. ಐದು ಆ್ಯಡ್ ಸೆಟ್ ಮಾಡಿ ತಲಾ 60 ರೂಪಾಯಿ ಹಂಚಿದರೆ ಯಾವುದಕ್ಕೂ ಕಲಿಯುವಷ್ಟು ಅವಕಾಶ ಸಿಗಲ್ಲ.

ಕಲಿಯುವುದು ಅಂದೆ. ಒಂದು ಆ್ಯಡ್ ಸೆಟ್ ಸ್ಥಿರವಾಗಲು ವಾರದಲ್ಲಿ ಸುಮಾರು 50 ಫಲಿತಾಂಶ ಬೇಕು ಅನ್ನುತ್ತದೆ ಮೆಟಾ. ಮಾತುಕತೆಗೆ 20 ರೂಪಾಯಿ ಬಿದ್ದರೆ ದಿನಕ್ಕೆ 15, ವಾರಕ್ಕೆ ನೂರರ ಆಸುಪಾಸು. ಆ ಗಡಿ ಸಲೀಸಾಗಿ ದಾಟುತ್ತದೆ. ಅದೇ 300 ರೂಪಾಯಿಯಲ್ಲಿ ವೆಬ್‌ಸೈಟ್ ಖರೀದಿಯನ್ನೇ ಗುರಿಯಾಗಿಟ್ಟರೆ ವಾರಕ್ಕೆ 50 ಖರೀದಿ ಎಲ್ಲಿಂದ ಬರಬೇಕು? ಸಣ್ಣ ಬಜೆಟ್ಟಿಗೆ ಮಾತುಕತೆಯ ಗುರಿಯನ್ನೇ ಹೇಳುವುದು ಈ ಕಾರಣಕ್ಕೆ. ಇನ್ನೊಂದು ವಿಷಯ: ಬೆಳಿಗ್ಗೆ ಹಾಕಿದ ಜಾಹೀರಾತನ್ನು ಸಂಜೆ ತಿದ್ದಬೇಡಿ. ಟಾರ್ಗೆಟ್ (ಯಾರಿಗೆ ತೋರಿಸಬೇಕು ಅನ್ನುವ ಆಯ್ಕೆ) ಅಥವಾ ವಿಡಿಯೊ ಬದಲಿಸಿದರೆ ಕಲಿಕೆ ಮತ್ತೆ ಮೊದಲಿನಿಂದ ಶುರು. ನಾಲ್ಕು ದಿನ ಕೈಕಟ್ಟಿ ಕೂರುವುದು ಕಷ್ಟವೇ, ಆದರೂ ಕೂರಿ.

ಟಾರ್ಗೆಟ್ ಮಾಡುವಾಗ ನಮ್ಮವರು ತಪ್ಪದೆ ಮಾಡುವ ಒಂದು ಕೆಲಸ, ಭಾಷೆಯ ಜಾಗದಲ್ಲಿ ಕನ್ನಡ ಆರಿಸುವುದು. ಅಲ್ಲಿ ಲೆಕ್ಕಕ್ಕೆ ಬರುವುದು ಬಳಕೆದಾರರ ಆ್ಯಪ್ ಸೆಟ್ಟಿಂಗ್ ಯಾವ ಭಾಷೆಯಲ್ಲಿದೆ ಅನ್ನುವುದು, ಮನೆಮಾತಲ್ಲ. ಬೆಂಗಳೂರಿನ ಎಷ್ಟೋ ಕನ್ನಡಿಗರ ಫೋನು ಇಂಗ್ಲಿಷಿನಲ್ಲೇ ಇರುತ್ತದೆ. ಕನ್ನಡ ಅಂತ ಹಾಕಿದ ಕೂಡಲೇ ಅವರೆಲ್ಲ ಹೊರಗೆ. ಆ ಜಾಗ ಖಾಲಿ ಬಿಡಿ. ವಿಡಿಯೊದಲ್ಲಿ ಧಾರವಾಡದ ಕನ್ನಡ ಕೇಳಿಸಿದರೆ ಸಾಕು, ನಿಲ್ಲುವವರು ನಿಲ್ಲುತ್ತಾರೆ, ಯಾರು ನಿಂತರು ಅನ್ನುವುದನ್ನು ಯಂತ್ರ ಗಮನಿಸುತ್ತದೆ.

ಊರಿನ ಆಯ್ಕೆಗೆ ತೆರಿಗೆಯೂ ತಳಕು ಹಾಕಿಕೊಂಡಿದೆ, ಇದನ್ನು ಜಾಹೀರಾತು ಕಲಿಸುವವರು ಹೇಳುವುದೇ ಇಲ್ಲ. ಕರ್ನಾಟಕದಲ್ಲಿ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ವಹಿವಾಟು. ಆದರೆ ತೆರಿಗೆ ಇರುವ ಸಾಮಾನನ್ನು ಬೇರೆ ರಾಜ್ಯಕ್ಕೆ ಮಾರುವವರಿಗೆ ಈ ವಿನಾಯಿತಿ ಸಿಗದು. ಕರಕುಶಲ ವಸ್ತುಗಳಂಥ ಕೆಲವನ್ನು ಬಿಟ್ಟರೆ, ಪುಣೆಗೋ ಹೈದರಾಬಾದಿಗೋ ಕಳಿಸುವ ಮೊದಲ ಪಾರ್ಸೆಲ್ಲಿಗೇ ನೋಂದಣಿ ಬೇಕು. ನೋಂದಣಿ ಇಲ್ಲದಿದ್ದರೆ ಜಾಹೀರಾತನ್ನು ಕರ್ನಾಟಕದೊಳಗೇ ಇಟ್ಟುಕೊಳ್ಳಿ. ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ನೆಲೆಸಿದ ಉತ್ತರ ಕರ್ನಾಟಕದವರೇ ಈ ಪುಡಿಗೆ ಸಾಕಷ್ಟಿದ್ದಾರೆ. ತಿನ್ನುವ ಸಾಮಾನಾದ್ದರಿಂದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಪ್ಯಾಕೆಟ್ ಮೇಲೆ ಇರಲೇಬೇಕು. ಎಂಆರ್‌ಪಿ, ನಿವ್ವಳ ತೂಕ, ತಯಾರಕರ ವಿಳಾಸ, ತಯಾರಿಸಿದ ದಿನಾಂಕವೂ ಅಷ್ಟೇ. ಆ ಸಂಖ್ಯೆಯನ್ನು ವಿಡಿಯೊದಲ್ಲಿ ಒಂದು ಕ್ಷಣ ತೋರಿಸಿ. ಗೊತ್ತಿಲ್ಲದ ಮನೆಯ ಅಡುಗೆ ಕೊಳ್ಳುವವರಿಗೆ ಅದು ಧೈರ್ಯ.

ವಿಡಿಯೊ 15ರಿಂದ 20 ಸೆಕೆಂಡು ಸಾಕು. ಮೊದಲ ಮೂರು ಸೆಕೆಂಡಿನಲ್ಲಿ ಬ್ರ್ಯಾಂಡಿನ ಲೋಗೊ ತಿರುಗಿಸಬೇಡಿ, ಯಾರಿಗೂ ಬೇಡ. ರೊಟ್ಟಿ ಮುರಿದು, ಪುಡಿಯ ನಡುವೆ ಗುಳಿ ಮಾಡಿ ಎಣ್ಣೆ ಹಾಕಿ ಕಲಸುವ ಕೈ ಕಾಣಲಿ. ಉದ್ದನೆಯ ಚೌಕಟ್ಟು, 1080ಕ್ಕೆ 1920. ಕೆಳಗಿನ ಮೂರನೇ ಒಂದು ಭಾಗದಲ್ಲಿ ಅಕ್ಷರ ಬರೆಯಬೇಡಿ, ಅಲ್ಲಿ ಆ್ಯಪಿನ ಗುಂಡಿಗಳು ಕೂರುತ್ತವೆ. ಸದ್ದು ಬಂದ್ ಮಾಡಿ ನೋಡುವವರೇ ಬಹಳ, ಹಾಗಾಗಿ ಮಾತಿನ ಸಾರ ಅಕ್ಷರದಲ್ಲೂ ಇರಲಿ. ಸಿನಿಮಾ ಹಾಡು ಹಾಕಿದ ರೀಲನ್ನು ಜಾಹೀರಾತು ಮಾಡಲು ಹೋದರೆ ಹಕ್ಕುಸ್ವಾಮ್ಯದ ಕಾರಣಕ್ಕೆ ತಿರಸ್ಕೃತವಾಗುತ್ತದೆ. ಮಾಡಿದವರ ದನಿಯೇ ಸಾಕು.

ಬೆಲೆಯನ್ನು ವಿಡಿಯೊದಲ್ಲೇ ಹೇಳಿ. "ಬೆಲೆಗೆ ಡಿಎಂ ಮಾಡಿ" ಅನ್ನುವುದು ಆನ್‌ಲೈನ್ ವ್ಯಾಪಾರದ ದೊಡ್ಡ ಕಾಯಿಲೆ. ಬೆಲೆ ಮುಚ್ಚಿಟ್ಟರೆ ಮೆಸೇಜು ಹೆಚ್ಚು ಬರುವುದು ನಿಜ, ಆದರೆ 599 ಅಂದ ತಕ್ಷಣ ಮಾಯವಾಗುವವರಿಗೂ ನೀವು ಹದಿನೇಳು ರೂಪಾಯಿ ಕೊಟ್ಟಾಗಿರುತ್ತದೆ. "ನಾಲ್ಕು ಪುಡಿ, ಒಂದು ಕಿಲೋ, ಕೊರಿಯರ್ ಸೇರಿ 599, ಕರ್ನಾಟಕದೊಳಗೆ ಮಾತ್ರ" ಅಂತ ಹೇಳಿದರೆ ಮೆಸೇಜು ಕಡಿಮೆಯಾಗುತ್ತದೆ, ಆರಕ್ಕೆ ಒಂದು ಅನ್ನುವುದು ನಾಲ್ಕಕ್ಕೆ ಒಂದಾಗುವ ಸಾಧ್ಯತೆ ಹೆಚ್ಚುತ್ತದೆ. ಜಾಹೀರಾತು ಒತ್ತಿದಾಗ ವಾಟ್ಸಾಪಿನಲ್ಲಿ ಮೊದಲೇ ತುಂಬಿರುವ ವಾಕ್ಯವನ್ನೂ ಬದಲಿಸಿ. ಬರೀ ಹಲೋ ಬೇಡ, "599ರ ಕಾಂಬೋ ಬೇಕು, ನನ್ನ ಪಿನ್‌ಕೋಡ್" ಅಂತಿರಲಿ.

ನಿಜವಾದ ಸೋರಿಕೆ ಇರುವುದು ಇದರ ನಂತರ. ಮಧ್ಯಾಹ್ನ ಎರಡಕ್ಕೆ ಬಂದ ಮೆಸೇಜಿಗೆ ರಾತ್ರಿ ಒಂಬತ್ತಕ್ಕೆ ಉತ್ತರಿಸಿದರೆ, ಅಷ್ಟರಲ್ಲಿ ಅವರಿಗೆ ನೀವು ಯಾರೆಂಬುದೇ ಮರೆತಿರುತ್ತದೆ. ಹತ್ತು ನಿಮಿಷದೊಳಗೆ ಉತ್ತರ ಕೊಡಲು ಆಗದ ಹೊತ್ತಿನಲ್ಲಿ ಜಾಹೀರಾತು ಓಡುವುದೇ ಬೇಡ. ದಿನದ ಬದಲು ಇಡೀ ಅವಧಿಗೆ ಹಣ ಗೊತ್ತುಮಾಡುವ ಲೈಫ್‌ಟೈಮ್ ಬಜೆಟ್ ಆರಿಸಿದರೆ ಯಾವ ಗಂಟೆಯಿಂದ ಯಾವ ಗಂಟೆವರೆಗೆ ಅಂತ ಗುರುತು ಮಾಡಬಹುದು. ವಾಟ್ಸಾಪ್ ಬಿಸಿನೆಸ್ ಆ್ಯಪಿನ ಕ್ವಿಕ್ ರಿಪ್ಲೈನಲ್ಲಿ ಮೂರು ಉತ್ತರ ಸಿದ್ಧ ಇಡಿ. ಒಂದು, ಫೋಟೊ ಸಮೇತ ಬೆಲೆ, ಎಷ್ಟು ದಿನ ಕೆಡುವುದಿಲ್ಲ, ಬೆಳ್ಳುಳ್ಳಿ ಇದೆಯೋ ಇಲ್ಲವೋ. ಬೆಳ್ಳುಳ್ಳಿಯ ಪ್ರಶ್ನೆ ಬಂದೇ ಬರುತ್ತದೆ. ಎರಡು, ಕ್ಯೂಆರ್ ಮತ್ತು ಹಣ ಕಟ್ಟುವಾಗ ಕಾಣುವ ಹೆಸರು. ಮೂರು, ವಿಳಾಸ ಹೇಗೆ ಕಳಿಸಬೇಕು ಅನ್ನುವುದು. ಹಣ ಬಾಕಿ, ಹಣ ಬಂದಿದೆ, ಕಳಿಸಿದ್ದೇವೆ ಅಂತ ಲೇಬಲ್ ಹಚ್ಚಿ. ಬಾಕಿ ಲೇಬಲ್ಲಿನವರಿಗೆ ಮರುದಿನ ಒಂದೇ ಒಂದು ಸಲ ನೆನಪಿಸಿ. ಎರಡನೇ ಸಲ ಕೇಳಿದರೆ ಬ್ಲಾಕ್ ಮಾಡುತ್ತಾರೆ, ಬ್ಲಾಕು-ರಿಪೋರ್ಟು ಹೆಚ್ಚಾದರೆ ನಂಬರೇ ಹೋಗುತ್ತದೆ.

ಹಣ ಕಳಿಸಿದ ಸ್ಕ್ರೀನ್‌ಶಾಟ್ ನಂಬಿ ಪಾರ್ಸೆಲ್ ಕಟ್ಟಬೇಡಿ, ಬ್ಯಾಂಕಿಗೆ ಜಮೆಯಾಗಿದೆಯೇ ನೋಡಿ. ದೊಡ್ಡ ಆರ್ಡರ್ ಕೊಟ್ಟು "ಹಣ ಪಡೆಯಲು ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಅನ್ನುವವರು ಕಳ್ಳರು. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಕ್ಯಾಶ್ ಆನ್ ಡೆಲಿವರಿ ಕೊಡುವುದಾದರೆ ಮುಂಗಡ ನೂರು ರೂಪಾಯಿ ಪಡೆಯಿರಿ, ಇಲ್ಲವಾದರೆ ವಾಪಸ್ ಬಂದ ಪಾರ್ಸೆಲ್ಲಿಗೆ ಹೋಗುವ ಮತ್ತು ಬರುವ ಎರಡೂ ಕಡೆಯ ಕೊರಿಯರ್ ನಿಮ್ಮ ತಲೆಗೆ. "ನಿಮ್ಮ ಪೇಜ್ ರದ್ದಾಗಲಿದೆ, ಈ ಲಿಂಕ್ ಒತ್ತಿ" ಅಂತ ಮೆಟಾದ ಹೆಸರಿನಲ್ಲಿ ಬರುವ ಮೆಸೇಜುಗಳನ್ನು ಅಳಿಸಿ. ಎರಡು ಹಂತದ ಲಾಗಿನ್ ಹಾಕಿ, ಜಾಹೀರಾತು ಖಾತೆಗೆ ಒಟ್ಟು ಖರ್ಚಿನ ಮಿತಿಯನ್ನೂ ಹಾಕಿ. ಖಾತೆ ಕದ್ದವರು ಮೊದಲು ಮಾಡುವುದೇ ನಿಮ್ಮ ಕಾರ್ಡಿನಲ್ಲಿ ತಮ್ಮ ಜಾಹೀರಾತು ಓಡಿಸುವುದು.

ಫಾಲೋಯರ್ ಕೊಡಿಸುತ್ತೇವೆ ಅನ್ನುವವರ ಬಗ್ಗೆ ಒಂದೇ ಮಾತು: ಬೇಡ.

ಜಾಹೀರಾತಿನ ಹಣಕ್ಕೆ ಅರ್ಥ ಬರುವುದು ಎರಡನೇ ಆರ್ಡರಿನಲ್ಲಿ, ಏಕೆಂದರೆ ಅದಕ್ಕೆ ಮಾತುಕತೆಗೆ ಹದಿನೇಳು ರೂಪಾಯಿಯಂತೆ ಮತ್ತೆ ಕೊಡಬೇಕಿಲ್ಲ. ಪಾರ್ಸೆಲ್ಲಿನೊಳಗೆ ಒಂದು ಚೀಟಿ ಇಡಿ: ನಮ್ಮ ನಂಬರ್ ಈ ಹೆಸರಿನಲ್ಲಿ ಸೇವ್ ಮಾಡಿಕೊಳ್ಳಿ. ಕಾರಣ ಇದೆ. ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಒಂದು ಕಿಲೋ ಪುಡಿ ಸಣ್ಣ ಸಂಸಾರಕ್ಕೆ ಒಂದು ತಿಂಗಳ ಮೇಲೆ ಬರುತ್ತದೆ ಅಂತಾದರೆ, 35ನೇ ದಿನದ ಸುಮಾರಿಗೆ ಕೇಳಿ. ಸಂಬಳವಾದ ಮೊದಲ ವಾರವೂ ಆದರೆ ಇನ್ನೂ ಒಳ್ಳೆಯದು. ದುಡ್ಡು ಕೊಟ್ಟು ತಂದ ನಂಬರುಗಳ ಪಟ್ಟಿಗೆ ಇದನ್ನು ಮಾಡಲು ಹೋಗಬೇಡಿ.

ಆರ್ಡರ್ ಎಲ್ಲಿಂದ ಬಂತು ಅಂತ ತಿಳಿಯಲು ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ವಾಟ್ಸಾಪ್ ಲಿಂಕಿನಲ್ಲಿ ಮೊದಲೇ ತುಂಬಿದ ವಾಕ್ಯ ಇಡಬಹುದಲ್ಲ, ಇನ್‌ಸ್ಟಾಗ್ರಾಂ ಬಯೋಗೆ ಒಂದು ವಾಕ್ಯ, ಚೀಟಿಯ ಕ್ಯೂಆರ್‌ಗೆ ಇನ್ನೊಂದು, ಗೂಗಲ್ ಬಿಸಿನೆಸ್ ಪ್ರೊಫೈಲಿಗೆ ಮತ್ತೊಂದು ಕೊಡಿ. ಗೂಗಲ್ ಪ್ರೊಫೈಲ್ ಉಚಿತ. ಮನೆ ವಿಳಾಸ ತೋರಿಸಲು ಇಷ್ಟವಿಲ್ಲದೆ, ಸುತ್ತಲಿನ ಬಡಾವಣೆಗಳಿಗೆ ನೀವೇ ತಲುಪಿಸುವವರಾದರೆ ವಿಳಾಸ ಮರೆಮಾಡಿ ಆ ಪ್ರದೇಶವನ್ನಷ್ಟೇ ಕೊಡಬಹುದು. ಅಂಗಡಿಯ ಹೆಸರಿಗೆ "ಬೆಸ್ಟ್ ಚಟ್ನಿ ಪುಡಿ ಧಾರವಾಡ" ಅಂತೆಲ್ಲ ಬಾಲ ಸೇರಿಸಿದರೆ ಪ್ರೊಫೈಲ್ ಅಮಾನತಾಗಬಹುದು. ರಿವ್ಯೂಗೆ ರಿಯಾಯಿತಿ ಕೊಡುವುದೂ ನಿಯಮಕ್ಕೆ ವಿರುದ್ಧ. ವಿವರಣೆಯಲ್ಲಿ ಸಾಮಾನಿನ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ, ಹುಡುಕುವವರು ಎರಡೂ ರೀತಿ ಟೈಪ್ ಮಾಡುತ್ತಾರೆ.

ಹತ್ತು ದಿನದ ನಂತರ ನೋಡಬೇಕಾದದ್ದು ಲೈಕ್ ಅಲ್ಲ, ಮೂರೇ ಅಂಕಿ: ಒಂದು ಮಾತುಕತೆಗೆ ಬಿದ್ದ ಖರ್ಚು, ಎಷ್ಟು ಮಾತುಕತೆಗೆ ಒಂದು ಆರ್ಡರ್, ಒಬ್ಬರೇ ಎಷ್ಟು ಸಲ ನೋಡಿದ್ದಾರೆ ಅನ್ನುವ ಫ್ರೀಕ್ವೆನ್ಸಿ. ಮಾತುಕತೆ ಅಗ್ಗ, ಆರ್ಡರ್ ಇಲ್ಲ ಅಂದರೆ ದೋಷ ನಿಮ್ಮ ಉತ್ತರದಲ್ಲೋ ಬೆಲೆಯಲ್ಲೋ ಇದೆ, ಜಾಹೀರಾತು ಬದಲಿಸಿ ಉಪಯೋಗವಿಲ್ಲ. ಮಾತುಕತೆಯೇ ದುಬಾರಿ ಅಂದರೆ ವಿಡಿಯೊದ ಮೊದಲ ಮೂರು ಸೆಕೆಂಡು ಬದಲಿಸಿ. ಫ್ರೀಕ್ವೆನ್ಸಿ ಮೂರು ದಾಟಿ ಖರ್ಚು ಏರುತ್ತಿದ್ದರೆ ನೋಡಿದವರೇ ನೋಡುತ್ತಿದ್ದಾರೆ, ಹೊಸ ವಿಡಿಯೊ ಬೇಕು. ಮೂರೂ ಸರಿಯಿದ್ದರೆ ಬಜೆಟ್ ಏರಿಸಿ, ಆದರೆ 300ರಿಂದ ಒಮ್ಮೆಲೇ 1,000ಕ್ಕೆ ಜಿಗಿಯಬೇಡಿ. ನಾಲ್ಕು ದಿನಕ್ಕೊಮ್ಮೆ ಶೇಕಡಾ 20ರಷ್ಟು, ಅದೂ ಮನೆಯಲ್ಲಿ ದಿನಕ್ಕೆ ಎಷ್ಟು ಕಿಲೋ ಪುಡಿ ಕುಟ್ಟಿ ಪ್ಯಾಕ್ ಮಾಡಲು ಸಾಧ್ಯ ಅಂತ ನೋಡಿಕೊಂಡು.