ಜಪಸರದ ನಡುವೆ

11 ಮೇ 2025, ಭಾನುವಾರ ರಾತ್ರಿ

ಇವತ್ತು ದೈವಕರೆಗಾಗಿ, ಅಂದರೆ ಫಾದರ್, ಸಿಸ್ಟರ್ ಆಗಲು ದೇವರು ಕೊಡುವ ಕರೆಗಾಗಿ, ಪ್ರಾರ್ಥಿಸುವ ಭಾನುವಾರ. ಹೊಸ ಪೋಪ್ ಬಂದು ಮೂರೇ ದಿನ, ಹಾಗಾಗಿ ಪ್ರಸಂಗ ಸ್ವಲ್ಪ ಜಾಸ್ತಿಯೇ ಉದ್ದವಾಯಿತು. "ನಿಮ್ಮ ಮನೆಯಿಂದ ಒಬ್ಬರನ್ನ ಕೊಡ್ತೀರಾ?" ಅಂತ ಫಾದರ್ ಕೇಳಿದಾಗ ನಾನು ಬಗ್ಗಿ ಪರ್ಸಿನಲ್ಲಿ ಕಾಣಿಕೆಗೆ ಚಿಲ್ಲರೆ ಹುಡುಕಿದೆ. ಚಿಲ್ಲರೆ ಆಗಲೇ ಕೈಯಲ್ಲಿತ್ತು.

ಸಂಜೆ ಕರೆಂಟ್ ಇರಲಿಲ್ಲ. ಮೇಣದಬತ್ತಿ ಬೆಳಕಲ್ಲಿ ಮಗನೇ ಜಪಸರದ ಮಣಿ ಎಣಿಸುತ್ತಾ ಪ್ರಾರ್ಥನೆ ಹೇಳಿಕೊಡುತ್ತಿದ್ದ. ಮೂರನೇ ರಹಸ್ಯ, ಅಂದರೆ ಮೂರನೇ ಸುತ್ತು, ಮುಗಿಸಿ ಕೇಳಿದ, "ಅಮ್ಮ, ಫಾದರ್ ಆಗೋಕೆ ಗುರುಮಠ ಸೇರಬೇಕಂದ್ರೆ ಎಷ್ಟನೇ ಕ್ಲಾಸ್ ಓದಿರಬೇಕು?"

"ಮೊದಲು ಜಪಸರ ಮುಗಿಸು" ಅಂದೆ. ಆಮೇಲೆ ಎಷ್ಟು ನಮೋ ಮರಿಯಾ ಹೇಳಿದೆನೋ ಲೆಕ್ಕ ತಪ್ಪಿತು. ಹೋದ ತಿಂಗಳು ಇವನೇ ಬಸ್ ಡ್ರೈವರ್ ಆಗ್ತೀನಿ ಅಂದಾಗ ನಕ್ಕಿದ್ದೆ.

ಪಾತ್ರೆ ತೊಳೆಯುವಾಗ ಅತ್ತೆಯನ್ನು ಕೇಳಿದೆ, ನಾದಿನಿ ಸಿಸ್ಟರ್ ಆಗ್ತೀನಿ ಅಂದಾಗ ನಿಮಗೆ ಖುಷಿಯಾಯ್ತಾ ಅಂತ.

"ಖುಷಿ ಎಲ್ಲಿಂದ ಬರಬೇಕು? ಮೂರು ದಿನ ಅವಳ ಹತ್ತಿರ ಮಾತೇ ಆಡಲಿಲ್ಲ."

ನಾದಿನಿಯ ಬೆಳ್ಳಿಹಬ್ಬದಲ್ಲಿ ಮೈಕ್ ಹಿಡಿದು "ಸಂತೋಷದಿಂದ ದೇವರಿಗೆ ಕೊಟ್ಟೆ" ಅಂದವರು ಇವರೇ!

"ದಿನಾ ಸಂಜೆ ಕಿವಿ ಹಿಂಡಿ ಪ್ರಾರ್ಥನೆಗೆ ಕೂರಿಸಿದ್ದು ನಾನೇ. ಆಮೇಲೆ ಯಾರನ್ನ ಬೈಯಲಿ?"

"ನಿಮಗೆ ಐದು ಮಕ್ಕಳಿದ್ರು ಅತ್ತೆ" ಅಂದುಬಿಟ್ಟೆ. ಅನ್ನಬಾರದಿತ್ತು.

ಅವರು ಲೋಟ ಕವುಚಿ ಹಾಕಿದರು. "ಐದರಲ್ಲಿ ಯಾವುದು ಹೆಚ್ಚುವರಿ ಅಂತ ಇಟ್ಕೊಂಡಿದ್ದೆ, ಹೇಳು?"

ನಮ್ಮ ಗೋಡೆಯ ಮೇಲೆ ಫ್ರಾನ್ಸಿನ ಸಂತೆ, ಕನ್ಯಾಸ್ತ್ರೀ ಚಿಕ್ಕ ತೆರೇಸಮ್ಮನ ಪಟ ಇದೆ. ಅವರ ಅಪ್ಪ ಲೂಯಿ, ಅಮ್ಮ ಝೆಲಿ ಇಬ್ಬರಿಗೂ ಮಠ ಸೇರುವ ಆಸೆ ಇತ್ತು, ಕೈಗೂಡಲಿಲ್ಲ. ಒಂಬತ್ತು ಮಕ್ಕಳಲ್ಲಿ ನಾಲ್ಕು ಚಿಕ್ಕಂದಿನಲ್ಲೇ ತೀರಿಹೋದವು. ಉಳಿದ ಐವರು ಹೆಣ್ಣುಮಕ್ಕಳೂ ಕನ್ಯಾಸ್ತ್ರೀಯರಾದರು. ಝೆಲಿ ಅದನ್ನು ನೋಡಲಿಲ್ಲ, 1877ರಲ್ಲೇ ಹೋಗಿಬಿಟ್ಟರು. ಮೊದಲು ಹೋದವರನ್ನು ಒಬ್ಬೊಬ್ಬರನ್ನಾಗಿ ಕಳಿಸಿಕೊಟ್ಟದ್ದು ಲೂಯಿ. 1887ರ ಪೆಂತೆಕೋಸ್ತ್ ಹಬ್ಬದ ಸಂಜೆ ತೆರೇಸ ತೋಟದಲ್ಲಿ ಅನುಮತಿ ಕೇಳಿದಾಗ ಅಪ್ಪ ಅತ್ತರು. ಆಮೇಲೆ ಗೋಡೆಯ ಮೇಲಿದ್ದ ಪುಟ್ಟ ಬಿಳಿ ಹೂವೊಂದನ್ನು ಕಿತ್ತು ಕೊಟ್ಟರು. ಬೇರು ಸಮೇತ ಬಂತಂತೆ. 2015ರಲ್ಲಿ ದಂಪತಿಯನ್ನು ಸಂತರೆಂದು ಸಾರಿದಾಗ ನಾನೂ ಚಪ್ಪಾಳೆ ತಟ್ಟಿದ್ದೆ. ಒಂಬತ್ತು ಮಕ್ಕಳು ಅವರಿಗೆ. ನನಗೆ ಇವನೊಬ್ಬನೇ.

ಮಗ ಮಲಗಿದ್ದಾನೆ. ಜಪಸರ ದಿಂಬಿನ ಪಕ್ಕದಲ್ಲೇ ಇದೆ, ಸೊಳ್ಳೆಪರದೆಗೆ ಸಿಕ್ಕಿಕೊಂಡಿದೆ. ನಾಳೆ ಏಳೂವರೆಗೆ ಮತ್ತೆ ಕೂರಬೇಕು. ಕೊನೆಯಲ್ಲಿ ದೈವಕರೆಗಾಗಿ ಒಂದು ಪ್ರಾರ್ಥನೆ ಇರುತ್ತದೆ. ಅದನ್ನ ನಾನೇ ಹೇಳೋದು, ವರ್ಷಗಳಿಂದ. ನಾಳೆ ಒಂದು ದಿನ ಸುಮ್ನೆ ಮರೆತ ಹಾಗೆ