ಕೀರ್ತನೆಗಳನ್ನು ಕೈಯಲ್ಲಿ ಬರೆಯುವ ಕೆಲಸ: ಮೂರನೇ ಭಾಗ ಮುಗಿಯಿತು

ಈಗಿನ ಸ್ಥಿತಿ ಹೀಗಿದೆ. 150ರಲ್ಲಿ 89 ಕೀರ್ತನೆ ಆಯಿತು, 61 ಬಾಕಿ. ಎರಡನೇ ರಿಜಿಸ್ಟರಿನಲ್ಲಿ ಕೆಲವೇ ಹಾಳೆ ಉಳಿದಿವೆ. ಹೆಬ್ಬೆರಳಿನ ಬುಡದ ನೋವು ಕಡಿಮೆಯಾಗಿದೆ. ಪೆನ್ನಿನ ಹಿಡಿತ ಸಡಿಲ ಮಾಡಿದ್ದರಿಂದ ಇರಬೇಕು.

ಹೊಸದಾಗಿ ಓದುವವರಿಗೆ ಎರಡು ಮಾತು. ಬೈಬಲಿನ ಕೀರ್ತನೆಗಳ ಪುಸ್ತಕವನ್ನು ಪೂರ್ತಿ ಕನ್ನಡದಲ್ಲಿ ಕೈಬರಹದಲ್ಲಿ ನಕಲು ಮಾಡುತ್ತಿದ್ದೇನೆ. ಐದು ಭಾಗಗಳ ಪುಸ್ತಕ, ಒಟ್ಟು ಸುಮಾರು 2,460 ವಚನಗಳು. ಹರಕೆ ಅಲ್ಲ, ಯಾರೂ ಹೇಳಿದ್ದೂ ಅಲ್ಲ. ನಮ್ಮ ಮನೆಯವರಿಗೆ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ ಮೇಲೆ ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಒಂದು ಸಲಕ್ಕೆ ನಾಲ್ಕು ಗಂಟೆ. ಸೂಜಿ ಹಾಕುವುದು, ತೆಗೆಯುವುದು, ರಕ್ತ ನಿಲ್ಲುವ ತನಕ ಒತ್ತಿ ಹಿಡಿಯುವುದು ಎಲ್ಲ ಸೇರಿದರೆ ಇನ್ನೂ ಜಾಸ್ತಿ. ಹೊರಗಿನ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡಿ ನೋಡಿ ತಲೆ ಕೆಟ್ಟು ಹೋಗಿತ್ತು. ಹಾಗಾಗಿ ಇದು ಶುರುವಾಯಿತು.

ಸಾಮಾನಿನ ವಿಷಯ

ಮೊದಲು ಶಾಲೆ ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆದು ನೋಡಿದೆ. ಹಾಳೆ ತೆಳು, ಶಾಯಿ ಹಿಂದಕ್ಕೆ ಇಳಿಯುತ್ತದೆ. ಆಮೇಲೆ ಲೆಕ್ಕ ಬರೆಯುವ ಗಟ್ಟಿ ರಟ್ಟಿನ ರಿಜಿಸ್ಟರ್ ತಂದೆ. ಹೊಲಿಗೆ ಬೈಂಡಿಂಗ್ ಇರುವುದನ್ನೇ ಆರಿಸಿ, ತೊಡೆ ಮೇಲಿಟ್ಟರೆ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ಅಂಟು ಹಾಕಿದ್ದು ಎರಡೇ ತಿಂಗಳಲ್ಲಿ ಬಾಯಿ ಬಿಡುತ್ತದೆ.

ಗೆರೆಗಳ ನಡುವಿನ ಜಾಗ ಕನ್ನಡಕ್ಕೆ ಸಾಲದು. ‘ಸ್ತೋತ್ರ’ ಅಂತ ಬರೆದರೆ ಕೆಳಗಿನ ಒತ್ತುಗಳು ಮುಂದಿನ ಸಾಲಿನ ಗುಡಿಸು, ಕೊಂಬುಗಳ ತಲೆಗೆ ಹೊಡೆಯುತ್ತವೆ. ಕೀರ್ತನೆಗಳಲ್ಲಂತೂ ಸ್ತೋತ್ರ ಬರದ ಪುಟ ಹುಡುಕಬೇಕು. ಆದ್ದರಿಂದ ಒಂದು ಗೆರೆ ಬಿಟ್ಟು ಒಂದು ಗೆರೆ. ಹಾಳೆ ದುಪ್ಪಟ್ಟು ಹೋಗುತ್ತದೆ, ಹೋಗಲಿ. ಶಾಯಿ ಕ್ಯಾಮೆಲ್ ರಾಯಲ್ ಬ್ಲೂ. ವಚನದ ಅಂಕೆಗೆ ಮಾತ್ರ ಕೆಂಪು ಜೆಲ್ ಪೆನ್. ಎಡಕ್ಕೆ ಅಗಲವಾಗಿ ಅಂಚು ಬಿಟ್ಟಿದ್ದೇನೆ. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕೈಬರಹದ ಬಗ್ಗೆ ಹೇಳುವಾಗ ನಮ್ಮ ಊರಿನ ಕಡೆಯ ಒಂದು ಸಂಗತಿ ಬಿಡಲು ಮನಸ್ಸಿಲ್ಲ. ಬಾಸೆಲ್ ಮಿಷನಿನವರು 1841ರಲ್ಲಿ ಮಂಗಳೂರಿನಲ್ಲಿ ಹಾಕಿದ ಮೊದಲ ಛಾಪಖಾನೆ ಕಲ್ಲಚ್ಚಿನದು. ಮೊಳೆ ಜೋಡಿಸುವುದಲ್ಲ, ಯಾರೋ ಕೂತು ಕೈಯಲ್ಲಿ ಬರೆದದ್ದೇ ಕಲ್ಲಿನ ಮೇಲೆ ಮೂಡಿ ಅಚ್ಚಾಗುತ್ತಿತ್ತು. 1843ರ ‘ಮಂಗಳೂರ ಸಮಾಚಾರ’ ಹೊರಬಂದದ್ದೂ ಹಾಗೆಯೇ. ಅದಕ್ಕೂ ಹಿಂದೆ, ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದ ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ, ಪೂರ್ತಿ ಕನ್ನಡ ಬೈಬಲ್ ಆದದ್ದು 1831ರಲ್ಲಿ. ಅಷ್ಟು ವರ್ಷ ಒಂದೇ ಕೆಲಸ ಹಿಡಿದು ಕೂತವರ ಮುಂದೆ ನನ್ನ ಹೆಬ್ಬೆರಳು ನೋವು ದೊಡ್ಡದೇನಲ್ಲ. ನಮ್ಮ ಮನೆಯಲ್ಲಿ ಮಾತು ತುಳು, ಪ್ರಾರ್ಥನೆ ಕನ್ನಡ. ಬೈಬಲಿನ ಹಳೇ ಕನ್ನಡ ನನ್ನ ಕಿವಿಗೆ ಅಜ್ಜಿಯ ದನಿಯಲ್ಲೇ ಕೇಳುವುದು.

ಒಂದನೇ ಭಾಗ, 1ರಿಂದ 41

ಇದು ಬೇಗ ಆಯಿತು. ಹುಮ್ಮಸ್ಸು ಇತ್ತು, ಗೊತ್ತಿರುವ ಕೀರ್ತನೆಗಳೂ ಜಾಸ್ತಿ. 23ನೆಯದನ್ನು ಪುಸ್ತಕ ನೋಡದೆ ಬರೆದೆ.

ನಿಂತು ನೋಡಿದ್ದು 13ನೆಯದರಲ್ಲಿ. ಇರುವುದು ಆರೇ ವಚನ. ಮೊದಲ ಎರಡರಲ್ಲಿ ಕೀರ್ತನೆಗಾರ ‘ಎಷ್ಟರವರೆಗೆ’ ಅಂತ ನಾಲ್ಕು ಸಲ ಕೇಳುತ್ತಾನೆ. ನನ್ನನ್ನು ಮರೆತೇ ಬಿಟ್ಟೆಯಾ ಅಂತ ದೇವರನ್ನೇ ಕೇಳುವುದು. ಕೊನೆಯ ವಚನದಲ್ಲಿ ಅದೇ ಮನುಷ್ಯ ಹಾಡುತ್ತೇನೆ ಅನ್ನುತ್ತಾನೆ. ಓದುವಾಗ ಇದು ಅರ್ಧ ನಿಮಿಷ, ಬಾಯಿಗೆ ಸರಾಗ. ಬರೆಯುವಾಗ ಹಾಗಲ್ಲ. ಆ ನಾಲ್ಕು ‘ಎಷ್ಟರವರೆಗೆ’ಯನ್ನೂ ಒಂದೊಂದಾಗಿ ಬರೆಯಬೇಕು. ಮೂರನೆಯದು ಬರೆಯುವಾಗ ಒಳಗಿನಿಂದ ಸಿಸ್ಟರ್ ಬಂದು ‘ಬಿಪಿ ಇಳಿದಿದೆ, ಸ್ವಲ್ಪ ಕಾಯಿರಿ’ ಅಂದರು. ಕಾದೆ. ಬಿಪಿ ಸರಿಯಾಯಿತು ಅಂತ ಹೇಳಿದ ಮೇಲೆ ನಾಲ್ಕನೆಯದನ್ನು ಬರೆದೆ.

ಮಗಳು ಬೆಂಗಳೂರಿನಿಂದ ಫೋನ್ ಮಾಡಿದಾಗ, ‘ಅಮ್ಮಾ, ದಿನಾ ಮೂರು ಒಳ್ಳೇ ವಿಷಯ ಬರೆದಿಡು, ಮನಸ್ಸಿಗೆ ಒಳ್ಳೇದು’ ಅಂದಿದ್ದಳು. ಕೆಲವು ದಿನ ಮಾಡಿದೆ. ಹಾಜರಿ ಪುಸ್ತಕ ತುಂಬಿಸಿದ ಹಾಗೆ ಆಗುತ್ತಿತ್ತು. ಮೂರನೆಯದು ಸಿಗದಿದ್ದರೆ ‘ಚಹಾ ಚೆನ್ನಾಗಿತ್ತು’ ಅಂತ ಬರೆಯುವುದು. ಅದನ್ನು ಬಿಟ್ಟು, ರಿಜಿಸ್ಟರಿನ ಎಡ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆಯತೊಡಗಿದೆ. ಆ ದಿನದ ಕೀರ್ತನೆಯ ಪಕ್ಕ, ನಿಜವಾಗಿ ಏನಾದರೂ ಇದ್ದರೆ ಮಾತ್ರ. ‘ಸೂಜಿ ಒಂದೇ ಸಲಕ್ಕೆ ಕೂತಿತು.’ ‘ತೂಕ ಹೇಳಿದಷ್ಟಕ್ಕೇ ಬಂತು.’ ‘ಕಾಲು ಸೆಡೆಯಲಿಲ್ಲ.’ ‘ಆಟೋದವರು ಒಳಗಿನ ತನಕ ಕೈ ಹಿಡಿದು ಬಿಟ್ಟರು.’ ಏನೂ ಇಲ್ಲದ ದಿನ ಅಂಚು ಖಾಲಿ. ಆ ನಿಯಮದಿಂದಲೇ ಇದು ಉಳಿದುಕೊಂಡಿತು ಅಂತ ನನಗೆ ಅನಿಸುತ್ತದೆ.

ಎರಡನೇ ಭಾಗ, 42ರಿಂದ 72

ಏಪ್ರಿಲ್, ಮೇ. ಕರಾವಳಿಯ ಸೆಕೆ ಗೊತ್ತಲ್ಲ. ಡಯಾಲಿಸಿಸ್‌ನವರಿಗೆ ನೀರು ಅಳತೆಯಲ್ಲಿ. ಮೂತ್ರ ಹೋಗುವುದೇ ಕಡಿಮೆ, ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲುತ್ತದೆ. ಶ್ವಾಸಕೋಶಕ್ಕೆ ಇಳಿದರೆ ಉಸಿರು ಕಟ್ಟುತ್ತದೆ. ಎಳನೀರು ಇಲ್ಲ, ಬಾಳೆಹಣ್ಣು ಇಲ್ಲ, ಹಲಸು ಇಲ್ಲ, ಪೊಟ್ಯಾಸಿಯಂ ಹೃದಯಕ್ಕೆ ಅಪಾಯ. ಉಪ್ಪಿನಕಾಯಿ ಇಲ್ಲ, ಉಪ್ಪು ದಾಹ ಹೆಚ್ಚಿಸುತ್ತದೆ. ಎಲ್ಲಕ್ಕಿಂತ ದೊಡ್ಡ ದುಃಖ ಇವರಿಗೆ ಗಂಜಿಯದ್ದು. ಕುಚ್ಚಲಕ್ಕಿ ಗಂಜಿಯ ತಿಳಿ ಬಸಿದು ಬರೀ ಅನ್ನ ಬಡಿಸಿದರೆ ತಟ್ಟೆಯನ್ನೇ ನೋಡುತ್ತಾ ಕೂರುತ್ತಾರೆ.

ಆ ಸೆಕೆಯಲ್ಲೇ ಸರಿಯಾಗಿ 42 ಬರಬೇಕೇ! ಜಿಂಕೆ ನೀರಿಗಾಗಿ ಹಂಬಲಿಸುವಂತೆ ನನ್ನ ಪ್ರಾಣ ದೇವರಿಗಾಗಿ ಹಂಬಲಿಸುತ್ತದೆ ಅನ್ನುವ ಕೀರ್ತನೆ. ಮನೆಗೆ ಬಂದು ಓದಿ ಹೇಳಿದೆ. ಇವರು ಬಾಯಲ್ಲಿ ಐಸ್ ತುಂಡು ಆಡಿಸುತ್ತಾ, ‘ಆ ಜಿಂಕೆಗೆ ಡಾಕ್ಟರ್ ಲಿಮಿಟ್ ಹಾಕಿರಲಿಲ್ಲ ಅಲ್ವಾ’ ಅಂದರು. ಇಬ್ಬರೂ ನಕ್ಕೆವು. ಎಷ್ಟೋ ವಾರಗಳ ಮೇಲೆ ನಕ್ಕದ್ದು. ಅಂಚಿನಲ್ಲಿ ಬರೆದಿದ್ದೇನೆ: ‘ಜಿಂಕೆ.’

ಆಮೇಲೆ ದಾಹದ ವಚನ ಬಂದಲ್ಲೆಲ್ಲ ಓದಿ ಹೇಳು ಅಂತ ಅವರೇ ಕೇಳತೊಡಗಿದರು. 63ರಲ್ಲಿ ನೀರಿಲ್ಲದ ಒಣ ನೆಲ. 69ರಲ್ಲಿ ಕೂಗಿ ಕೂಗಿ ಗಂಟಲು ಒಣಗಿದ್ದು. ಮೊದಲ ಭಾಗದ 22ರಲ್ಲಿ ನಾಲಿಗೆ ದವಡೆಗೆ ಅಂಟಿಕೊಂಡದ್ದು. ಅದನ್ನು ಕೇಳಿ, ‘ಇದು ಬರೆದವನಿಗೆ ಗೊತ್ತು ಮಾರಾಯ್ತಿ’ ಅಂದರು. 22ನೆಯದರ ಮೊದಲ ಮಾತನ್ನೇ ಯೇಸು ಶಿಲುಬೆಯ ಮೇಲೆ ಕೂಗಿದ್ದು. ಯೋಹಾನನ ಸುವಾರ್ತೆಯಲ್ಲಿ ‘ನನಗೆ ದಾಹವಾಗಿದೆ’ ಅನ್ನುವ ಮಾತೂ ಇದೆ. ಗುಡ್ ಫ್ರೈಡೆಯಲ್ಲಿ ಪ್ರತಿ ವರ್ಷ ಇದರ ಮೇಲೆ ಪ್ರಸಂಗ ಕೇಳಿದವರು ನಾವು. ಇವರು ಈ ವರ್ಷ ಪ್ರಸಂಗ ಕೇಳಲು ಹೋಗಲಿಲ್ಲ, ಶುಕ್ರವಾರ ಡಯಾಲಿಸಿಸ್. ಮಷಿನಿನ ಪಕ್ಕ ಮಲಗಿ ಆ ಒಂದು ಮಾತನ್ನು ಎಷ್ಟೋ ಹೊತ್ತು ಯೋಚಿಸಿದೆ ಅಂದರು. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

56ರಲ್ಲಿ ದೇವರು ಕಣ್ಣೀರನ್ನು ತುಂಬಿಸಿಟ್ಟುಕೊಂಡು ಲೆಕ್ಕ ಬರೆದಿಡುತ್ತಾನೆ ಅಂತ ಇದೆ. ‘ಅಲ್ಲೂ ಇನ್‌ಟೇಕ್ ಔಟ್‌ಪುಟ್ ಚಾರ್ಟ್’ ಅಂದರು ಇವರು. ಕುಡಿದ ನೀರು, ಹೋದ ಮೂತ್ರದ ಲೆಕ್ಕ ಬರೆಯುವ ಪಟ್ಟಿ ಅದು.

ಕೆಲಸದ ಮಟ್ಟಿಗೆ ಹೇಳುವುದಾದರೆ, 53 ಹೆಚ್ಚುಕಡಿಮೆ 14ರ ಮರುನಕಲು. 70 ಪೂರ್ತಿ 40ರ ಕೊನೆಯಲ್ಲಿ ಆಗಲೇ ಇದೆ. ಬಿಟ್ಟುಬಿಡೋಣ ಅನಿಸಿತು, ಬಿಡಲಿಲ್ಲ. 72ರ ಕೊನೆಯಲ್ಲಿ ದಾವೀದನ ಪ್ರಾರ್ಥನೆಗಳು ಮುಗಿದವು ಅಂತ ಬರೆದಿದೆ, ಆದರೆ ದಾವೀದನ ಹೆಸರಿನವು ಮುಂದೆಯೂ ಬರುತ್ತವೆ. ಬೇರೆ ಬೇರೆ ಕಟ್ಟುಗಳನ್ನು ಒಟ್ಟಿಗೆ ಸೇರಿಸಿದ ಗುರುತು ಅದು.

ವಾಟ್ಸಾಪ್ ಬಗ್ಗೆ ಸ್ವಲ್ಪ ಸಿಟ್ಟು

ಬೆಳಿಗ್ಗೆ ಎದ್ದರೆ ಹೂವಿನ ಚಿತ್ರದ ಮೇಲೆ ‘ಯಾವಾಗಲೂ ಸಂತೋಷಿಸಿರಿ’. ಕಳಿಸುವವರು ಒಳ್ಳೆಯವರೇ, ಪ್ರೀತಿಯಿಂದಲೇ ಕಳಿಸುತ್ತಾರೆ. ಆದರೆ ರಾತ್ರಿ ಎರಡು ಗಂಟೆಗೆ ಕಾಲು ಸೆಡೆದು ಕೂಗಿಕೊಂಡವರ ಮನೆಗೆ ಅದು ಬೆಳಿಗ್ಗೆ ಆರಕ್ಕೆ ಬಂದರೆ ಹೇಗಿರುತ್ತದೆ? ಬೈಬಲಿನ ಆ ಮಾತನ್ನು ಬರೆದ ಅಪೊಸ್ತಲ ಪೌಲನೇ ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಶುರುವಿನಲ್ಲಿ, ಬದುಕುವ ಆಸೆಯೇ ಬಿಟ್ಟುಹೋಗಿತ್ತು ಅಂತ ಬರೆದಿದ್ದಾನೆ. ಆ ವಚನ ಹೂವಿನ ಚಿತ್ರದ ಮೇಲೆ ಬಂದದ್ದನ್ನು ನಾನು ನೋಡಿಲ್ಲ.

ಫಿಲಿಪ್ಪಿಯವರಿಗೆ ಬರೆದ ಪತ್ರ ಸಂತೋಷದ ಪತ್ರ ಅಂತಲೇ ಹೆಸರುವಾಸಿ. ಸೆರೆಯಲ್ಲಿ ಕೂತು ಬರೆದದ್ದು, ಅದನ್ನೂ ಎಲ್ಲರೂ ಹೇಳುತ್ತಾರೆ. ಎರಡನೇ ಅಧ್ಯಾಯದಲ್ಲಿ ಎಪಫ್ರೊದೀತ ಅನ್ನುವವನ ಕಾಯಿಲೆಯ ಸುದ್ದಿ ಇದೆ. ಸಾಯುವ ಹಾಗಾಗಿದ್ದನು, ದೇವರು ಅವನನ್ನು ಕರುಣಿಸಿದನು, ನನಗೂ ದುಃಖದ ಮೇಲೆ ದುಃಖ ಬರದ ಹಾಗೆ ಕರುಣಿಸಿದನು ಅನ್ನುತ್ತಾನೆ ಪೌಲ. ಅಂದರೆ ಈ ಪತ್ರ ಬರೆದವನು ರೋಗಿಯ ಹತ್ತಿರ ಹೆದರಿಕೊಂಡು ಕೂತಿದ್ದವನು. ಅಂಥವನು ಸಂತೋಷಪಡಿರಿ ಅಂದರೆ ಕೇಳಬಹುದು. ಕೀರ್ತನೆಗಳಲ್ಲೂ ಹೀಗೆಯೇ. ದೂರು ಹೇಳುವುದೂ ದೇವರಿಗೇ, ಥ್ಯಾಂಕ್ಸ್ ಹೇಳುವುದೂ ದೇವರಿಗೇ. ದೂರನ್ನು ಅರ್ಧಕ್ಕೆ ನುಂಗಿ ಸ್ತೋತ್ರಕ್ಕೆ ಹಾರಿದರೆ, ನನ್ನ ಅನುಭವದಲ್ಲಿ, ಸ್ತೋತ್ರವೂ ಅರ್ಧವೇ ಆಗುತ್ತದೆ.

ಮೂರನೇ ಭಾಗ, 73ರಿಂದ 89

ಚಿಕ್ಕ ಭಾಗ, ಆದರೆ ನಿಧಾನವಾಗಿ ಸಾಗಿತು. ಕೈಯಲ್ಲಿರುವ ಫಿಸ್ಟುಲಾ ನಡುವೆ ಕೈಕೊಟ್ಟಿತು. ಅಪಧಮನಿಗೂ ಅಭಿಧಮನಿಗೂ ಜೋಡಣೆ ಮಾಡಿ ದಪ್ಪ ಮಾಡಿದ ರಕ್ತನಾಳ ಅದು, ಮುಟ್ಟಿದರೆ ಜುಮ್ ಅನ್ನಬೇಕು. ಒಂದು ಬೆಳಿಗ್ಗೆ ಅನ್ನಲಿಲ್ಲ. ಕುತ್ತಿಗೆಗೆ ತಾತ್ಕಾಲಿಕ ನಳಿಗೆ ಹಾಕಿ, ಮತ್ತೆ ಆಪರೇಷನ್ ಆಗಿ, ಹೊಸದು ಬಲಿಯುವ ತನಕ ಕಾಯಬೇಕಾಯಿತು. ಆ ದಿನಗಳಲ್ಲಿ ರಿಜಿಸ್ಟರ್ ಚೀಲದಲ್ಲೇ ಇತ್ತು.

ಮತ್ತೆ ತೆಗೆದಾಗ ಎದುರಿಗಿದ್ದದ್ದು 88. ಪುಸ್ತಕದಲ್ಲೇ ಅತಿ ಕತ್ತಲೆಯ ಕೀರ್ತನೆ. ಹೆಚ್ಚಿನ ಗೋಳಿನ ಕೀರ್ತನೆಗಳಲ್ಲಿ ಎಲ್ಲಾದರೂ ಒಂದು ತಿರುವು ಬರುತ್ತದೆ. ಇದರಲ್ಲಿ 18 ವಚನ ಬರೆದರೂ ಬರುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅಂಚು ಖಾಲಿ ಬಿಟ್ಟೆ. ಇಂಥದ್ದನ್ನೂ ತೆಗೆದು ಹಾಕದೆ ಇಟ್ಟುಕೊಂಡರಲ್ಲ, ಆರಾಧನೆಯಲ್ಲಿ ಹಾಡುವ ಪುಸ್ತಕದಲ್ಲಿ! ಅದನ್ನು ನೆನೆಸಿಕೊಂಡಾಗ ಬಂದ ಸಮಾಧಾನ ದೊಡ್ಡದು. ನಮ್ಮಂಥವರಿಗೂ ಅಲ್ಲಿ ಒಂದು ಬೆಂಚು ಇದೆ ಅನಿಸಿತು.

89 ಉದ್ದ, 52 ವಚನ. ಕೃಪೆಯನ್ನು ಹಾಡುತ್ತೇನೆ ಅಂತ ಶುರು, 38ರಿಂದ ಪೂರ್ತಿ ದೂರು, ಕೊಟ್ಟ ಮಾತು ಎಲ್ಲಿ ಹೋಯಿತು ಅನ್ನುವ ಪ್ರಶ್ನೆ. ಉತ್ತರ ಇಲ್ಲ. ಕೊನೆಗೆ ಒಂದೇ ಸಾಲು: ದೇವರಿಗೆ ಸದಾಕಾಲ ಸ್ತೋತ್ರ, ಆಮೆನ್, ಆಮೆನ್. ಅದು ಮೂರನೇ ಭಾಗಕ್ಕೆ ಹಾಕಿದ ಮುಕ್ತಾಯದ ಸಾಲು. ಐದೂ ಭಾಗಗಳು ಸ್ತೋತ್ರದಲ್ಲೇ ಮುಗಿಯುತ್ತವೆ. ಆದರೂ ಇಲ್ಲಿ ಅದನ್ನು ಬರೆಯುವಾಗ ನಿಬ್ಬು ಸ್ವಲ್ಪ ತಡೆಯಿತು. ಬರೆದೆ. ಆ ದಿನ ಹೊಸ ಫಿಸ್ಟುಲಾದಲ್ಲಿ ಮೊದಲ ಸಲ ಸೂಜಿ ಹಾಕಿದ್ದರು.

ಕುರ್ಚಿ ಪಕ್ಕದವರು

ಮಗನನ್ನು ಕರೆತರುವ ಒಬ್ಬರು ಬ್ಯಾರಿ ಅಮ್ಮ, ನಮ್ಮ ಕರಾವಳಿಯ ಮುಸ್ಲಿಮರು, ತುಂಬಾ ದಿನ ಸುಮ್ನೆ ನೋಡುತ್ತಿದ್ದರು. ಆಮೇಲೆ, ‘ಏನು ಬರೆಯುವುದು ಅಕ್ಕಾ?’ ಅಂದರು. ದಾವೀದನ ಕೀರ್ತನೆ ಅಂದೆ. ‘ದಾವೂದ್ ನಬಿಯದ್ದಾ? ಝಬೂರ್ ಅಲ್ವಾ ಅದು?’ ಅಂದರು. ದಾವೀದನಿಗೆ ಕೊಟ್ಟ ಗ್ರಂಥಕ್ಕೆ ಅವರಲ್ಲಿ ಆ ಹೆಸರು. ಹೌದು ಅಂದೆ. ಈಗ ಅವರು ಬಂದರೆ ನನ್ನ ಪಕ್ಕದ ಕುರ್ಚಿಯೇ ಅವರದ್ದು. ಅವರು ತಸ್ಬಿಯ ಜಪಮಣಿ ಎಣಿಸುತ್ತಾರೆ, ನಾನು ಬರೆಯುತ್ತೇನೆ. ಸಿಸ್ಟರ್ ಬಾಗಿಲು ತೆರೆದಾಗ ಇಬ್ಬರೂ ಒಟ್ಟಿಗೆ ತಲೆ ಎತ್ತುತ್ತೇವೆ.

ಇವರ ಪಕ್ಕದ ಹಾಸಿಗೆಯ ಕಾರ್ಕಳದ ಭಟ್ರಿಗೆ ಮೈ ತುರಿಕೆಯಿಂದ ರಾತ್ರಿ ನಿದ್ದೆ ಇಲ್ಲ. ‘ನಿದ್ದೆಗೆ ಏನಾದರೂ ಉಂಟಾ ನಿಮ್ಮ ಪುಸ್ತಕದಲ್ಲಿ?’ ಅಂತ ತಮಾಷೆಗೆ ಕೇಳಿದರು. 4ನೇ ಕೀರ್ತನೆಯ ಕೊನೆಯ ವಚನ, ನಿರ್ಭಯವಾಗಿ ಮಲಗಿ ನಿದ್ದೆಮಾಡುವೆನು ಅನ್ನುವುದನ್ನು, ದಪ್ಪ ಅಕ್ಷರದಲ್ಲಿ ಕಾರ್ಡಿನ ಮೇಲೆ ಬರೆದುಕೊಟ್ಟೆ. ನಿದ್ದೆ ಬಂತಾ ಅಂತ ಕೇಳಿದರೆ, ‘ನಿದ್ದೆ ಬರಲಿಲ್ಲ, ಅಕ್ಷರ ಚೆನ್ನಾಗುಂಟು’ ಅಂದರು.

ಮುಂದಿನ ಕೆಲಸ

ಮೂರನೇ ರಿಜಿಸ್ಟರ್ ತರಬೇಕು. 119ಕ್ಕೆ ಈಗಲೇ ಹಾಳೆ ಲೆಕ್ಕ ಹಾಕಿಟ್ಟಿದ್ದೇನೆ: 176 ವಚನ, ಹೀಬ್ರೂವಿನ 22 ಅಕ್ಷರಗಳಿಗೆ ಎಂಟೆಂಟರಂತೆ. ಎಂಟಕ್ಕೊಂದು ಪುಟ ಕೊಟ್ಟರೆ ಚೆನ್ನಾಗಿ ಕೂರುತ್ತದೆ. 117 ಎರಡೇ ವಚನ, ಅದನ್ನು ಜ್ವರ ಬಂದ ದಿನಕ್ಕೆ ಇಟ್ಟುಕೊಳ್ಳಬಹುದು.

ಅದಕ್ಕಿಂತ ಮೊದಲು 100 ಇದೆ. ಐದು ವಚನ, ಕೃತಜ್ಞತಾಸ್ತುತಿಯ ಕೀರ್ತನೆ ಅಂತ ತಲೆಬರಹವೇ ಇರುವುದು ಅದೊಂದಕ್ಕೆ. ಚರ್ಚಿನ ಬೆಳೆ ಹಬ್ಬ ಹತ್ತಿರ ಬರುತ್ತಿದೆ. ತೆಂಗಿನಕಾಯಿ, ಕುಂಬಳಕಾಯಿ, ಬಾಳೆಗೊನೆ ಎಲ್ಲ ಹರಾಜು ಕೂಗುವುದಕ್ಕೆ ಪ್ರತಿ ವರ್ಷ ಇವರೇ. ಈ ಸಲ ಕೂಗುವಷ್ಟು ದಮ್ಮಿಲ್ಲ. ಸಭಾಪಾಲಕರು ಮನೆಗೆ ಬಂದವರು ನನ್ನ ರಿಜಿಸ್ಟರ್ ತಿರುವಿ ನೋಡಿ, ಅದರಿಂದಲೇ 100ನೇ ಕೀರ್ತನೆಯನ್ನು ಇವರು ಓದಲಿ ಅಂದರು. ಹಬ್ಬ ಭಾನುವಾರ, ಡಯಾಲಿಸಿಸ್ ಇಲ್ಲದ ದಿನ. ಇವರು ಕನ್ನಡಕ ಬದಲಾಯಿಸಿಕೊಂಡು ಬಂದಿದ್ದಾರೆ. ಅಷ್ಟರೊಳಗೆ ಇನ್ನೂ ಹನ್ನೊಂದು ಬರೆಯಬೇಕು. ಜೊತೆಗೆ, ಬಾಳೆಗೊನೆ ಯಾರು ಕೊಂಡರೂ ನಮ್ಮ ಮನೆಗೆ ಕಳಿಸಬೇಡಿ ಅಂತ ಎಲ್ಲರಿಗೂ ಹೇಳಿಡಬೇಕು.